ಹೈಸ್ಕೂಲಿನ ಮೊದಲ ವರ್ಷ, ಅರ್ಧದಲ್ಲೇ ಕುಸಿದ ಅಂಕ: ಈಗಲೇ ಶಾಲೆ ಬದಲಿಸಬೇಕಾ?

ಓದುಗರ ಪ್ರಶ್ನೆ: ನನ್ನ ಮಗಳು ಈ ವರ್ಷ ಹೈಸ್ಕೂಲಿಗೆ ಸೇರಿದ್ದಾಳೆ. ಕಳೆದ ವರ್ಷದವರೆಗೂ ಎಲ್ಲ ವಿಷಯದಲ್ಲೂ 85ರ ಮೇಲೆ ತೆಗೆಯುತ್ತಿದ್ದಳು. ಮೊದಲ ಎರಡು ತಿಂಗಳು ಖುಷಿಯಾಗಿಯೇ ಹೋದಳು. ಈಗ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 41, ವಿಜ್ಞಾನಕ್ಕೆ 54 ಬಂದಿದೆ. ಅವಳಿಗೆ ತುಂಬಾ ಇಷ್ಟವಾಗಿದ್ದ ಕ್ಲಾಸ್ ಟೀಚರ್ ವರ್ಷದ ನಡುವೆಯೇ ಬಿಟ್ಟು ಹೋದರು, ಗಣಿತ ಕಲಿಸುತ್ತಿದ್ದವರೂ ಅವರೇ. ಹೊಸಬರು ಮಾತುಮಾತಿಗೂ ಸಿಡುಕುತ್ತಾರಂತೆ. ರಾತ್ರಿ ಹನ್ನೊಂದೂವರೆಯಾದರೂ ಮಲಗಲ್ಲ, ಬೆಳಿಗ್ಗೆ ಎಬ್ಬಿಸುವಷ್ಟರಲ್ಲಿ ನಮಗೆ ಸಾಕುಸಾಕಾಗುತ್ತದೆ. ಭಾನುವಾರ ಸಂಜೆ ಆಗಾಗ ಹೊಟ್ಟೆನೋವು ಅಂತಾಳೆ. ನಮ್ಮ ತಂದೆ "ಈ ವಯಸ್ಸೇ ಹಾಗೆ, ಸ್ವಲ್ಪ ಬಿಗಿ ಮಾಡು" ಅಂತಾರೆ. ನನ್ನ ಹೆಂಡತಿ ಈಗಲೇ ಬೇರೆ ಶಾಲೆಗೆ ಹಾಕೋಣ ಅಂತಾಳೆ. ನನಗೆ ಏನೂ ತೋಚುತ್ತಿಲ್ಲ ಮೇಡಂ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರೋದು ಶಾಲೆ ಬದಲಿಸೋದರ ಬಗ್ಗೆ. ಆದರೆ ಅದರೊಳಗೆ ನಾಲ್ಕು ಬೇರೆ ಬೇರೆ ಚಿಂತೆಗಳಿವೆ. ಅಂಕ ಯಾಕೆ ಬಿತ್ತು, ಮಗಳು ಸೋಮಾರಿಯಾಗುತ್ತಿದ್ದಾಳಾ, ಹೊಸ ಟೀಚರ್ ಸರಿಯಿಲ್ಲವಾ, ಹೊಟ್ಟೆನೋವು ನಿಜವಾ. ನಾಲ್ಕನ್ನೂ ಒಂದೇ ಗಂಟು ಕಟ್ಟಿ "ಶಾಲೆ ಸರಿಯಿಲ್ಲ" ಅಂತ ಹೆಸರಿಟ್ಟುಬಿಟ್ಟರೆ ಆಮೇಲೆ ಬಿಡಿಸೋದು ಕಷ್ಟ. ನಾನು 26 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಕೊನೆಯ 9 ವರ್ಷ ಪಾಠದ ಜೊತೆಗೆ ಮಕ್ಕಳ ಆಪ್ತ ಸಲಹೆಯ ಕೆಲಸವನ್ನೂ ನೋಡಿಕೊಂಡೆ. ನಿಮ್ಮಂಥ ಅಪ್ಪ ಅಮ್ಮಂದಿರು ಪ್ರತಿ ವರ್ಷ ನನ್ನ ಮುಂದೆ ಬಂದು ಕೂರುತ್ತಿದ್ದರು, ಹೆಚ್ಚಾಗಿ ಅರ್ಧವಾರ್ಷಿಕದ ಅಂಕಪಟ್ಟಿ ಕೈಗೆ ಬಂದ ವಾರದಲ್ಲೇ.

ಅವರಿಗೆಲ್ಲ ನಾನು ಮೊದಲು ಹೇಳುತ್ತಿದ್ದದ್ದು ಒಂದೇ. ಅಂಕಪಟ್ಟಿ ಪಕ್ಕಕ್ಕಿಡಿ, ನೋಟ್‌ಬುಕ್ ತೆಗೆಯಿರಿ.

ಇದನ್ನು ಈ ವಾರವೇ ಮಾಡಿ. ಮಗಳ ಒಪ್ಪಿಗೆ ತಗೊಂಡು, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲ ವಿಷಯದ ನೋಟ್‌ಬುಕ್‌ಗಳನ್ನೂ ಸಾಲಾಗಿ ಇಟ್ಟುಕೊಳ್ಳಿ. ತಪ್ಪು ಹುಡುಕೋಕೆ ಕೂತಿಲ್ಲ ಅಂತ ಅವಳಿಗೆ ಮೊದಲೇ ಹೇಳಿ. ನಾನು ತಿದ್ದಿದ ನೋಟ್‌ಬುಕ್‌ಗಳಿಗೆ ಲೆಕ್ಕವಿಲ್ಲ, ಆದರೆ ಶುರು ಎಲ್ಲದರದ್ದೂ ಒಂದೇ ಥರ. ಮೊದಲ ಪುಟದಲ್ಲಿ ದುಂಡಗೆ ಬರೆದ ಹೆಸರು, ಸ್ಕೇಲಿಟ್ಟು ಕೆಂಪು ಪೆನ್ನಿನಲ್ಲಿ ಎಳೆದ ಮಾರ್ಜಿನ್, ಪ್ರತಿ ತಲೆಬರಹದ ಕೆಳಗೆ ಎರಡು ಗೆರೆ. ಇಪ್ಪತ್ತು ಪುಟ ದಾಟುವಷ್ಟರಲ್ಲಿ ಮಾರ್ಜಿನ್ ಬರಿಗೈಯಲ್ಲಿ ಎಳೆದದ್ದು. ನಲವತ್ತಕ್ಕೆ ಮಾರ್ಜಿನ್ನೇ ಇಲ್ಲ. ಇಷ್ಟಕ್ಕೆ ಗಾಬರಿ ಬೇಡ, ಎಲ್ಲ ಮಕ್ಕಳೂ ಹೀಗೇ. ನೀವು ನೋಡಬೇಕಾದದ್ದು ಬೇರೆ. ದಿನಾಂಕ ಬರೆಯೋದು ಯಾವ ಪುಟದಲ್ಲಿ ನಿಂತಿತು? ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಮುಂದಿನದಕ್ಕೆ ಹಾರೋದು ಎಲ್ಲಿಂದ ಶುರುವಾಯಿತು? ನಡುವಿನ ಹಂತಗಳು ತಪ್ಪಾಗಿದ್ದೂ ಕೊನೆಯ ಉತ್ತರ ಮಾತ್ರ ಸರಿಯಿದೆಯಾ? ಹಾಗಿದ್ದರೆ ಆ ಉತ್ತರ ಬೋರ್ಡಿನಿಂದಲೋ ಪಕ್ಕದವರಿಂದಲೋ ಬಂದಿದೆ, ಮಗು ಅಲ್ಲಿಗೆ ಅರ್ಥ ಮಾಡಿಕೊಳ್ಳೋದು ಬಿಟ್ಟು ಬರೀ ಇಳಿಸಿಕೊಳ್ಳೋಕೆ ಶುರು ಮಾಡಿದೆ ಅಂತ ತಿಳಿಯಿರಿ.

ಈಗ ಆ ಪುಟಗಳನ್ನು ಒಂದಕ್ಕೊಂದು ಹೋಲಿಸಿ. ಗಣಿತದಲ್ಲಿ ಮಾತ್ರ ಬದಲಾವಣೆ ಕಂಡರೆ ಕಾರಣ ಗಣಿತದ ಕ್ಲಾಸಿನಲ್ಲಿದೆ, ಯಾವುದೋ ಪಾಠ ತಪ್ಪಿದೆ ಅಥವಾ ಟೀಚರ್ ಬದಲಾದದ್ದು ಪೆಟ್ಟು ಕೊಟ್ಟಿದೆ. ಎಲ್ಲ ವಿಷಯದಲ್ಲೂ ಒಂದೇ ವಾರದಲ್ಲಿ ಅಕ್ಷರ ಕೆಟ್ಟಿದ್ದರೆ ಕಾರಣ ಯಾವ ವಿಷಯದಲ್ಲೂ ಇಲ್ಲ. ನಿದ್ದೆ, ಸ್ನೇಹ, ಆರೋಗ್ಯ, ಮನೆ, ಇವುಗಳಲ್ಲಿ ಎಲ್ಲೋ ಇದೆ.

ನನ್ನ ಕ್ಲಾಸಿನ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಆರು ನೋಟ್‌ಬುಕ್‌ಗಳಲ್ಲೂ ಒಂದೇ ವಾರದಿಂದ ಸಾಲುಗಳು ಅರ್ಧಂಬರ್ಧ. ಅಷ್ಟರಲ್ಲಿ ಮನೆಯವರು ಎರಡು ಟ್ಯೂಷನ್ನಿಗೆ ಸೇರಿಸಿ ಆಗಿತ್ತು, ಫೋನ್ ಕಿತ್ತುಕೊಂಡೂ ಆಗಿತ್ತು. ಆ ವಾರ ನಾನೇ ಬೆಂಚು ಬದಲಿಸಿದ್ದೆ, ಅವಳು ಎರಡನೇ ಸಾಲಿನಿಂದ ಕೊನೆಯ ಸಾಲಿಗೆ ಹೋಗಿದ್ದಳು. ಅವಳಿಗೆ ಬೋರ್ಡ್ ಕಾಣುತ್ತಿರಲಿಲ್ಲ, ಅಷ್ಟೇ. ದೂರದ್ದು ಮಂಜಾಗಿ ಕಾಣೋದು ಈ ವಯಸ್ಸಿನಲ್ಲಿ ತುಂಬಾ ಸಾಮಾನ್ಯ, ಅದೂ ನಿಧಾನವಾಗಿ ಆಗೋದರಿಂದ ಮಗುವಿಗೇ ಗೊತ್ತಾಗಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಕನ್ನಡಕ ಬಂದ ಮೇಲೆ ಸಾಲುಗಳು ಪೂರ್ತಿಯಾದವು. ಅಂಕ ಇಳಿದ ಮಗುವನ್ನು ಬೈಯೋ ಮೊದಲು ಒಮ್ಮೆ ಕಣ್ಣು ತೋರಿಸಿ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಇನ್ನು ಅಂಕದ ವಿಷಯ. 85ರಿಂದ 41ಕ್ಕೆ ಇಳಿದಳು ಅಂದಾಗ ಬುದ್ಧಿ ಅರ್ಧವಾಯಿತು ಅನ್ನಿಸುತ್ತದೆ ಅಲ್ವಾ? ಆದರೆ ಅಳತೆಗೋಲೇ ಬದಲಾಗಿದೆ. ಕೆಳಗಿನ ತರಗತಿಗಳಲ್ಲಿ ಪಾಠದ ಕೊನೆಯ ಪ್ರಶ್ನೆಯೇ ಪರೀಕ್ಷೆಗೂ ಬರುತ್ತದೆ, ನೆನಪಿದ್ದರೆ ಸಾಕು. ಹೈಸ್ಕೂಲಿನಲ್ಲಿ ಅದೇ ವಿಷಯವನ್ನು ತಿರುಗಿಸಿ ಕೇಳುತ್ತಾರೆ. ಒಬ್ಬ ಟೀಚರ್ ಬಹುತೇಕ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಕಡೆ ಈಗ ಆರೇಳು ಜನ, ಒಬ್ಬೊಬ್ಬರದ್ದು ಒಂದೊಂದು ರೀತಿ, ಮತ್ತು ಯಾರ ಹೋಮ್‌ವರ್ಕ್ ಎಷ್ಟಿದೆ ಅಂತ ಇನ್ನೊಬ್ಬರಿಗೆ ಗೊತ್ತಿರಲ್ಲ. ಗಣಿತದಲ್ಲಂತೂ ಸಂಖ್ಯೆಯ ಜಾಗಕ್ಕೆ ಅಕ್ಷರ ಬಂದು ಕೂರುತ್ತದೆ. ಅಲ್ಲಿ ಒಂದು ಸಣ್ಣ ತಿರುವು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಆವರಣದ ಒಳಗೆ ಎಕ್ಸ್ ಕಳೆ 4 ಇದೆ, ಹೊರಗೆ ಮೈನಸ್ 3. ಬಿಡಿಸಿದಾಗ ಕೊನೆಗೆ ಪ್ಲಸ್ 12 ಬರಬೇಕು, ಮಕ್ಕಳು ಮೈನಸ್ 12 ಬರೆಯುತ್ತಾರೆ. ಈ ಒಂದು ಚಿಹ್ನೆಯ ತಪ್ಪು ಸಮೀಕರಣದಲ್ಲಿ ಬರುತ್ತದೆ, ಬಹುಪದದಲ್ಲಿ ಬರುತ್ತದೆ, ಗ್ರಾಫಿನಲ್ಲೂ ಬರುತ್ತದೆ. ಉತ್ತರ ಪತ್ರಿಕೆ ತರಿಸಿಕೊಂಡು ಹೋದ ಅಂಕಗಳನ್ನು ತಪ್ಪಿನ ಪ್ರಕಾರ ಗುಂಪು ಮಾಡಿ ನೋಡಿ. ಹತ್ತು ತಪ್ಪು ಕಂಡ ಕಡೆ ನಿಜವಾದ ತಪ್ಪು ಎರಡೋ ಮೂರೋ ಇರೋದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಓದೋ ಕ್ರಮವೂ ಹಳೆಯದೇ ಇರುತ್ತದೆ. ಮೂರು ಸಲ ಓದಿದೆ, ಎಲ್ಲ ಬರುತ್ತದೆ ಅಂತ ಮಗು ನಂಬಿರುತ್ತದೆ, ಸುಳ್ಳು ಹೇಳುತ್ತಿರಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗವೊಂದಿದೆ. ಕೆಲವರು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು, ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ಬರೆದವರು ಅವರನ್ನು ಹಿಂದೆ ಹಾಕಿದ್ದರು. ನಿಮ್ಮ ಮಗಳು ರಾತ್ರಿ ಓದಿ "ಬಂತು" ಅಂದುಕೊಳ್ಳೋದೂ, ಪರೀಕ್ಷೆಯಲ್ಲಿ ಕೈ ಕಟ್ಟಿದ ಹಾಗಾಗೋದೂ ಎರಡೂ ನಿಜ ಇರಬಹುದು. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯೋ ಅಭ್ಯಾಸ ದಿನಕ್ಕೆ 20 ನಿಮಿಷ ಮಾಡಿಸಿ. ಮೊದಲ ವಾರ ಅವಳಿಗೆ ಸಿಟ್ಟು ಬರುತ್ತದೆ, ಏನೂ ಬರಲ್ಲ ಅನ್ನಿಸುತ್ತದೆ. ಆಗ ನೀವು ಪಕ್ಕದಲ್ಲಿರಿ.

ನಿಮ್ಮ ತಂದೆಯವರು ಬಿಗಿ ಮಾಡು ಅಂದದ್ದಕ್ಕೆ ಬರುತ್ತೇನೆ. ಅವರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಅವರ ಕಾಲದಲ್ಲಿ ಅದು ಕೆಲಸ ಮಾಡಿದ ಹಾಗೆ ಕಂಡಿರುತ್ತದೆ. ಹಾಗೆ ಕಾಣೋಕೂ ಒಂದು ಕಾರಣವಿದೆ. ಯಾವುದೇ ಮಗುವಿನ ಅಂಕ ಟೆಸ್ಟಿನಿಂದ ಟೆಸ್ಟಿಗೆ ಮೇಲೆ ಕೆಳಗೆ ಆಗುತ್ತಿರುತ್ತದೆ. ತೀರಾ ಕೆಳಗೆ ಬಿದ್ದ ಮೇಲೆ ಮುಂದಿನ ಸಲ ಸ್ವಲ್ಪ ಮೇಲೆ ಬರೋದೇ ಹೆಚ್ಚು, ನಾವು ಏನೂ ಮಾಡದಿದ್ದರೂ. ಫ್ರಾನ್ಸಿಸ್ ಗಾಲ್ಟನ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ 1886ರಲ್ಲಿ ಅಪ್ಪ ಅಮ್ಮ ಮತ್ತು ಮಕ್ಕಳ ಎತ್ತರದ ಲೆಕ್ಕದಲ್ಲಿ ಇದೇ ಗುಣವನ್ನು ತೋರಿಸಿದ್ದ, ತೀರಾ ಅತ್ತ ಇತ್ತ ಇದ್ದದ್ದು ಮುಂದಿನ ಸಲ ಸರಾಸರಿಯ ಕಡೆ ವಾಲುತ್ತದೆ. ನಾವು ಮಗುವನ್ನು ಬೈಯೋದು ಯಾವಾಗ? ತೀರಾ ಕೆಳಗೆ ಬಿದ್ದಾಗ. ಮುಂದಿನ ಟೆಸ್ಟಿನಲ್ಲಿ ನಾಲ್ಕು ಅಂಕ ಜಾಸ್ತಿ ಬಂದರೆ ಬೈದದ್ದಕ್ಕೇ ಬಂತು ಅನ್ನಿಸುತ್ತದೆ. ಹೊಗಳೋದು ತುಂಬಾ ಚೆನ್ನಾಗಿ ಬಂದಾಗ, ಮುಂದಿನ ಸಲ ಕಡಿಮೆಯಾದರೆ ಹೊಗಳಿ ಕೆಡಿಸಿದೆ ಅನ್ನಿಸುತ್ತದೆ. ನಾನೂ ಮೊದಲ ಕೆಲವು ವರ್ಷ ಇದನ್ನೇ ನಂಬಿ ಜೋರು ಮಾಡುತ್ತಿದ್ದೆ. ಅದರಿಂದ ಮಕ್ಕಳು ಅಂಕಪಟ್ಟಿ ಬಚ್ಚಿಡೋದನ್ನು ಕಲಿತರು.

ಸೋಮಾರಿತನ ಅನ್ನೋದೂ ಅರ್ಧ ತಪ್ಪು ಮಾತು. ಹರೆಯಕ್ಕೆ ಬಂದ ಮಕ್ಕಳ ದೇಹದ ಗಡಿಯಾರ ಒಂದೆರಡು ಗಂಟೆ ಮುಂದಕ್ಕೆ ಸರಿಯುತ್ತದೆ. ನಿದ್ದೆ ತರೋ ಮೆಲಟೋನಿನ್ ಅನ್ನೋ ಹಾರ್ಮೋನು ಅವರಲ್ಲಿ ರಾತ್ರಿ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾ ವೈದ್ಯರು ಹೇಳುತ್ತಾರೆ. ಹನ್ನೊಂದೂವರೆಗೆ ಮಲಗಿ ಆರಕ್ಕೆ ಎದ್ದರೆ ಆರೂವರೆ ಗಂಟೆ. ಎಂಟು ಗಂಟೆಯ ಲೆಕ್ಕ ಹಿಡಿದರೂ ವಾರಕ್ಕೆ ಐದು ದಿನ ಹೀಗಾದರೆ ಏಳೂವರೆ ಗಂಟೆಯ ಸಾಲ, ಅಂದರೆ ಹತ್ತಿರ ಹತ್ತಿರ ಒಂದು ರಾತ್ರಿ ಪೂರ್ತಿ ಮಲಗದ ಹಾಗೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೈಸ್ಕೂಲುಗಳು ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಅಂತ ಹೇಳಿತು, ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಬಹುತೇಕ ಸರ್ಕಾರಿ ಹೈಸ್ಕೂಲುಗಳಿಗೆ ಅದೇ ಕಾನೂನಾಯಿತು. ನಿಮ್ಮ ಶಾಲೆಯ ಗಂಟೆಯನ್ನು ನೀವು ಬದಲಿಸೋಕಾಗಲ್ಲ. ಮಲಗೋ ಹೊತ್ತನ್ನು ವಾರಕ್ಕೆ 15 ನಿಮಿಷದಂತೆ ಹಿಂದಕ್ಕೆ ತರಬಹುದು, ಫೋನನ್ನು ಮನೆಯವರೆಲ್ಲರದ್ದೂ, ನಿಮ್ಮದೂ ಸೇರಿ, ರಾತ್ರಿ ಹೊರಗಿನ ಕೋಣೆಯಲ್ಲಿ ಇಡಬಹುದು, ಬೆಳಿಗ್ಗೆ ಎದ್ದ ಕೂಡಲೇ ಬಿಸಿಲು ಕಣ್ಣಿಗೆ ಬೀಳೋ ಹಾಗೆ ಮಾಡಬಹುದು. ಒಂದೇ ರಾತ್ರಿ "ಇವತ್ತಿನಿಂದ ಒಂಬತ್ತಕ್ಕೆ ಮಲಗು" ಅಂದರೆ ಅವಳು ಕತ್ತಲಲ್ಲಿ ಸುಮ್ನೆ ಎರಡು ಗಂಟೆ ಹೊರಳಾಡುತ್ತಾಳೆ, ಅಷ್ಟೇ.

ಟೀಚರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಈ ಕಡೆಯ ಬಾಗಿಲು ಪೋಷಕರಿಗೆ ಕಾಣೋದಿಲ್ಲ. ಶಾಲೆಯ ವರ್ಷಕ್ಕೆ ಒಂದು ಏರಿಳಿತ ಇದೆ, ಮಕ್ಕಳಿಗೂ ನಮಗೂ. ಮೊದಲ ಆರು ವಾರ ಎಲ್ಲರೂ ಹುರುಪಿನಲ್ಲಿರುತ್ತೇವೆ, ಹೆಸರು ಕಲಿಯುತ್ತೇವೆ, ಪಾಠವೂ ಹಗುರ. ವರ್ಷದ ನಡುವೆ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಕಷ್ಟದ ಪಾಠಗಳು, ಟೆಸ್ಟುಗಳು, ತಿದ್ದೋ ಪತ್ರಿಕೆಗಳು, ಕ್ರೀಡಾಕೂಟ, ವಾರ್ಷಿಕೋತ್ಸವದ ತಾಲೀಮು, ಮೇಲಿನಿಂದ ಕೇಳೋ ವರದಿಗಳು. ತಾಲೀಮಿಗೆ ಮಕ್ಕಳನ್ನು ಕಳಿಸಿ ಕಳಿಸಿ ಪೋರ್ಷನ್ ಹಿಂದೆ ಬೀಳುತ್ತದೆ. ಯಾರಾದರೂ ರಜೆ ಹಾಕಿದರೆ ಇದ್ದ ಒಂದು ಬಿಡುವಿನ ಪೀರಿಯಡ್ಡೂ ಹೋಗುತ್ತದೆ. ಆ ದಿನಗಳಲ್ಲಿ ಸ್ಟಾಫ್ ರೂಮಿಗೆ ಬಂದು ನೋಡಿ, ಮೇಜಿನ ಮೇಲೆ ದಾರ ಕಟ್ಟಿದ ಪತ್ರಿಕೆಗಳ ಕಟ್ಟು, ಪಕ್ಕದಲ್ಲಿ ಆರಿ ತಣ್ಣಗಾದ ಲೋಟ, ಯಾರೂ ಯಾರ ಜೊತೆಯೂ ಮಾತಾಡುತ್ತಿರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದಿಂದ ಬರೋ ಈ ಬಳಲಿಕೆಯನ್ನು ಮೂರು ಗುರುತುಗಳಿಂದ ವಿವರಿಸಿತು. ಶಕ್ತಿ ಬತ್ತಿಹೋಗೋದು, ಕೆಲಸದಿಂದ ಮನಸ್ಸು ದೂರವಾಗೋದು ಅಥವಾ ಅದರ ಬಗ್ಗೆ ಕಹಿ ಬರೋದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸೋದು. ಮಕ್ಕಳ ಕಣ್ಣಿಗೆ ಇದು ಕಾಣೋದು ಸಿಡುಕಿನ ರೂಪದಲ್ಲೇ.

ಅದರಲ್ಲೂ ವರ್ಷದ ನಡುವೆ ಬಂದ ಟೀಚರ್ ಪಾಡು ಇನ್ನೂ ಕಷ್ಟ. ಅವರಿಗೆ ಮೊದಲ ಆರು ವಾರ ಸಿಕ್ಕೇ ಇಲ್ಲ. ಹೆಸರು ಗೊತ್ತಿಲ್ಲ, ಹಿಂದಿನವರು ಎಲ್ಲಿಗೆ ನಿಲ್ಲಿಸಿದರು ಅಂತ ಸರಿಯಾಗಿ ಗೊತ್ತಿಲ್ಲ, ಮಕ್ಕಳು ಪ್ರತಿ ಲೆಕ್ಕಕ್ಕೂ "ಆ ಮಿಸ್ ಹೀಗೆ ಹೇಳಿಕೊಟ್ಟಿರಲಿಲ್ಲ" ಅನ್ನುತ್ತಾರೆ. ನಿಮ್ಮ ಮಗಳೂ ಪಾಪ ತನ್ನ ಇಷ್ಟದ ಟೀಚರನ್ನು ಕಳೆದುಕೊಂಡ ದುಃಖದಲ್ಲಿದ್ದಾಳೆ, ಅದನ್ನು ದುಃಖ ಅಂತ ಯಾರೂ ಗುರುತಿಸಿರಲ್ಲ. ಇದನ್ನು ಹೇಳುತ್ತಿರೋದು ಆ ಟೀಚರನ್ನು ಸಮರ್ಥಿಸೋಕಲ್ಲ. ಸಿಡುಕು ಬೇರೆ, ಅವಮಾನ ಬೇರೆ. "ಹೋಮ್‌ವರ್ಕ್ ಎಲ್ಲಿ, ಎಷ್ಟು ಸಲ ಹೇಳಬೇಕು" ಅನ್ನೋದು ಸಿಡುಕು, ಬಳಲಿಕೆ ಇಳಿದಾಗ ಅದೂ ಇಳಿಯುತ್ತದೆ. ಮಗುವಿನ ಬುದ್ಧಿ, ಮೈಬಣ್ಣ, ಮೈಕಟ್ಟು, ಮನೆಯ ಬಗ್ಗೆ ಎಲ್ಲರ ಮುಂದೆ ಆಡಿಕೊಳ್ಳೋದು ಅವಮಾನ. ಅದಕ್ಕೆ ಬಳಲಿಕೆಯ ನೆಪ ಸಲ್ಲದು. ಯಾವುದು ನಡೆಯುತ್ತಿದೆ ಅಂತ ತಿಳಿಯೋಕೆ ಮಗಳನ್ನು "ಟೀಚರ್ ಬೈತಾರಾ" ಅಂತ ಕೇಳಬೇಡಿ, "ಅವರು ಅಂದ ಮಾತನ್ನು ಹಾಗೇ ಹೇಳು" ಅಂತ ಕೇಳಿ.

ಟೀಚರನ್ನು ಭೇಟಿಯಾಗಿ, ಆದರೆ ಗೇಟಿನ ಹತ್ತಿರ, ಬೆಳಿಗ್ಗೆ ಗಂಟೆ ಹೊಡೆಯೋ ಹೊತ್ತಿನಲ್ಲಿ ಬೇಡ. ಮೊದಲೇ ಸಮಯ ಕೇಳಿ 15 ನಿಮಿಷ ಕೂತು ಮಾತಾಡಿ. ದೂರಿನಿಂದ ಶುರು ಮಾಡದೆ, ಗಣಿತದ ನೋಟ್‌ಬುಕ್ ತೆರೆದು ಆ ಪುಟವನ್ನು ತೋರಿಸಿ, "ಇಲ್ಲಿಂದ ಇವಳಿಗೆ ದಾರಿ ತಪ್ಪಿದ ಹಾಗಿದೆ, ನಾವು ಮನೆಯಲ್ಲಿ ಏನು ಮಾಡಬಹುದು" ಅಂತ ಕೇಳಿ. ನನ್ನ ಹತ್ತಿರ ಹೀಗೆ ಬಂದ ಪೋಷಕರ ಮಕ್ಕಳು ನಂತರದ ದಿನಗಳಲ್ಲಿ ನನಗೇ ಗೊತ್ತಿಲ್ಲದ ಹಾಗೆ ನನ್ನ ಕಣ್ಣಿಗೆ ಹೆಚ್ಚು ಬೀಳುತ್ತಿದ್ದರು. ನಲವತ್ತು ಮುಖಗಳ ನಡುವೆ ಒಂದು ಮುಖಕ್ಕೆ ಹೆಸರು ಅಂಟಿಕೊಂಡಂತೆ.

ಇನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ವಿಷಯ, ನನ್ನನ್ನು ಎಲ್ಲಕ್ಕಿಂತ ಜಾಸ್ತಿ ತಡೆದು ನಿಲ್ಲಿಸಿದ ವಿಷಯ, ಭಾನುವಾರದ ಹೊಟ್ಟೆನೋವು. ಅದು ನಾಟಕ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಹೆದರಿಕೆ ಹೊಟ್ಟೆಯಲ್ಲಿ ನೋವಾಗಿಯೇ ಬರುತ್ತದೆ, ಮಗುವಿಗೆ ನಿಜವಾಗಿಯೂ ನೋಯುತ್ತದೆ. ಮೊದಲು ವೈದ್ಯರಿಗೆ ತೋರಿಸಿ, ದೇಹದ ಕಾರಣ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಅದರ ಜೊತೆಗೇ ಒಂದು ಹಾಳೆಯಲ್ಲಿ ನಾಲ್ಕು ವಾರ ನೋವಿನ ದಿನ ಮತ್ತು ಹೊತ್ತು ಬರೆದಿಡಿ, ಪಕ್ಕದಲ್ಲಿ ಮರುದಿನದ ವೇಳಾಪಟ್ಟಿ. ಗಣಿತ ಇರೋ ದಿನದ ಹಿಂದಿನ ಸಂಜೆ ಮಾತ್ರ ಬರುತ್ತದಾ, ಆಟದ ಪೀರಿಯಡ್ ಇರೋ ದಿನವಾ, ಬಸ್ಸಿನಲ್ಲಿ ಹೋಗೋ ಎಲ್ಲ ದಿನವಾ? ಪಿ.ಟಿ. ಪೀರಿಯಡ್ಡಿಗೆ ಹೆದರೋ ಹುಡುಗರನ್ನು ಕಂಡಿದ್ದೇನೆ, ಬಟ್ಟೆ ಬದಲಿಸೋ ಜಾಗದಲ್ಲಿ ಉಳಿದವರು ಆಡಿಕೊಳ್ಳುತ್ತಿದ್ದರು. ಶಾಲೆಯ ಶೌಚಾಲಯಕ್ಕೆ ಹೋಗೋಕಾಗದೆ ನೀರೇ ಕುಡಿಯದ ಹುಡುಗಿಯರನ್ನೂ ಕಂಡಿದ್ದೇನೆ.

ಮಗಳ ಹತ್ತಿರ ನೇರವಾಗಿ "ಯಾರಾದರೂ ತೊಂದರೆ ಕೊಡುತ್ತಾರಾ" ಅಂದರೆ ಇಲ್ಲ ಅಂತಲೇ ಬರುತ್ತದೆ. ಊಟದ ಬಿಡುವಿನಲ್ಲಿ ಯಾರ ಜೊತೆ ಕೂರುತ್ತೀಯ, ಹಿಂದಿನ ವರ್ಷದ ಗೆಳತಿಯರು ಈಗ ಯಾವ ಸೆಕ್ಷನ್, ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ನೀನಿದ್ದೀಯಾ, ಇಂಥ ಸಣ್ಣ ಪ್ರಶ್ನೆಗಳಿಗೆ ದೊಡ್ಡ ಉತ್ತರ ಸಿಗುತ್ತದೆ. ಪಾತ್ರೆ ತೊಳೆಯುವಾಗಲೋ ದಾರಿಯಲ್ಲಿ ನಡೆಯುವಾಗಲೋ ಕೇಳಿ, ಎದುರುಬದುರು ಕೂರಿಸಿಕೊಂಡರೆ ವಿಚಾರಣೆಯ ಹಾಗಾಗುತ್ತದೆ. ಒಂದು ಎಚ್ಚರಿಕೆ. ಹೊಟ್ಟೆನೋವು ಅಂದ ದಿನವೆಲ್ಲ ಮನೆಯಲ್ಲಿ ಉಳಿಸಿಕೊಂಡರೆ ಆ ದಿನ ನೆಮ್ಮದಿ, ಆದರೆ ಹೆದರಿಕೆ ಬೆಳೆಯುತ್ತದೆ, ಮರುದಿನ ಹೋಗೋದು ಇನ್ನೂ ಕಷ್ಟ. ಜ್ವರ ವಾಂತಿ ಇಲ್ಲದಿದ್ದರೆ ಅರ್ಧ ದಿನಕ್ಕಾದರೂ ಕಳಿಸಿ, ಕಷ್ಟವಾದರೆ ಯಾರ ಹತ್ತಿರ ಹೋಗಬೇಕು ಅಂತ ಶಾಲೆಯಲ್ಲಿ ಒಬ್ಬ ದೊಡ್ಡವರನ್ನು ಗೊತ್ತು ಮಾಡಿ ಕಳಿಸಿ. ಅವಮಾನವೋ ಕಿರುಕುಳವೋ ನಡೆಯುತ್ತಿದೆ ಅಂತ ಗೊತ್ತಾದರೆ ಈ ಮಾತು ಅನ್ವಯಿಸಲ್ಲ, ಆಗ ಮೊದಲು ಅದನ್ನು ನಿಲ್ಲಿಸಬೇಕು.

ಈಗ ಶಾಲೆ ಬದಲಿಸೋ ಮಾತು. ಈಗಲೇ ಬದಲಿಸಿದರೆ ಹೆದರಿಕೆಯ ಜಾಗದಿಂದ ಬಿಡುಗಡೆ ಸಿಗುತ್ತದೆ, ಆದರೆ ಅವಳು ಇನ್ನೊಂದು ಕಡೆ ವರ್ಷದ ನಡುವೆ ಬಂದವಳಾಗುತ್ತಾಳೆ. ಅಲ್ಲಿ ಸ್ನೇಹದ ಗುಂಪುಗಳು ಆಗಿಬಿಟ್ಟಿರುತ್ತವೆ, ಪಾಠದ ಕ್ರಮ ಬೇರೆ ಇರಬಹುದು, ಕೆಲವು ಪಾಠ ಎರಡು ಸಲ ಬರುತ್ತವೆ, ಕೆಲವು ಬರೋದೇ ಇಲ್ಲ. ಕಾರಣ ನಿದ್ದೆಯಲ್ಲೋ ಓದೋ ಕ್ರಮದಲ್ಲೋ ಇದ್ದರೆ ಅದು ಅವಳ ಜೊತೆಗೇ ಹೊಸ ಶಾಲೆಗೂ ಬರುತ್ತದೆ. ವರ್ಷ ಮುಗಿಸಿ ಬದಲಿಸಿದರೆ ಎಲ್ಲರ ಜೊತೆ ಹೊಸದಾಗಿ ಶುರು ಮಾಡಬಹುದು. ಆದರೆ ಅಲ್ಲಿಯವರೆಗೆ ಏನೂ ಮಾಡದೆ ದೂಡಿದರೆ ಗಣಿತದ ಬುನಾದಿ ಇನ್ನಷ್ಟು ಸಡಿಲವಾಗುತ್ತದೆ. ಅದೇ ಶಾಲೆಯಲ್ಲಿ ಸೆಕ್ಷನ್ ಬದಲಿಸೋದು ಪೋಷಕರಿಗೆ ಹೊಳೆಯದ ದಾರಿ, ಶಾಲೆಯವರು ಸುಲಭಕ್ಕೆ ಒಪ್ಪಲ್ಲ, ಕೇಳಿ ನೋಡೋದರಲ್ಲಿ ನಷ್ಟವಿಲ್ಲ. ಟ್ಯೂಷನ್ ಹಾಕಿದರೆ ಗಣಿತಕ್ಕೆ ಮಾತ್ರ ಹಾಕಿ, ಅದೂ ನಿದ್ದೆಯ ಹೊತ್ತನ್ನು ತಿನ್ನದ ಹಾಗೆ. ರಾತ್ರಿ ಒಂಬತ್ತಕ್ಕೆ ಮುಗಿಯೋ ಟ್ಯೂಷನ್ ನಿಮ್ಮ ಮಗಳಿಗೆ ಕೊಡೋದಕ್ಕಿಂತ ಕಿತ್ತುಕೊಳ್ಳೋದೇ ಹೆಚ್ಚು.

ನೀವು ಬರೆದಷ್ಟರಿಂದ ನನ್ನ ಅಭಿಪ್ರಾಯ ಹೇಳಬೇಕಾದರೆ, ಎಂಟು ವಾರ ಕಾಯಿರಿ. ಕಣ್ಣು ಮತ್ತು ಹೊಟ್ಟೆ ತೋರಿಸೋದು, ನಿದ್ದೆ ಸರಿಪಡಿಸೋದು, ಗಣಿತದ ಆ ಒಂದೆರಡು ತಪ್ಪು ತಿದ್ದೋದು, ಟೀಚರ್ ಜೊತೆ ಒಂದು ಭೇಟಿ, ಇಷ್ಟಕ್ಕೆ ಆ ಎಂಟು ವಾರ. ಆಗಲೂ ಹೊಟ್ಟೆನೋವು ಹಾಗೇ ಇದ್ದರೆ ವರ್ಷದ ಕೊನೆಗೆ ಬದಲಿಸೋ ತಯಾರಿ ಮಾಡಿ. ಕಾಯಬಾರದ ಸಂದರ್ಭಗಳೂ ಇವೆ. ಮಗುವಿನ ಮೇಲೆ ಯಾರಾದರೂ ಕೈ ಮಾಡುತ್ತಿದ್ದರೆ, ಮೈ ಮುಟ್ಟುತ್ತಿದ್ದರೆ, ಕಿರುಕುಳ ಮುಂದುವರಿದಿದ್ದು ಬರೆದುಕೊಟ್ಟ ಮೇಲೂ ಶಾಲೆ ಏನೂ ಮಾಡದಿದ್ದರೆ, ಮುಂದಿನ ವಾರ ಅಂತ ನೋಡಬೇಡಿ, ಅಲ್ಲಿಂದ ಹೊರಗೆ ತನ್ನಿ. ಮಗಳು "ನಾನು ಇರಬಾರದಿತ್ತು" ಅನ್ನೋ ಥರದ ಮಾತಾಡಿದರೆ, ಕೈ ಮೇಲೆ ಗಾಯ ಕಂಡರೆ, ಅದೇ ದಿನ ಮಾನಸಿಕ ಆರೋಗ್ಯದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅವಳನ್ನು ಒಬ್ಬಳೇ ಬಿಡಬೇಡಿ.

ಇನ್ನೊಂದು ವಿಷಯ. ನಿಮ್ಮ ಪತ್ರದಲ್ಲಿ ಅಜ್ಜನ ಅಭಿಪ್ರಾಯ ಇದೆ, ಅಮ್ಮನದು ಇದೆ, ನಿಮ್ಮ ಗೊಂದಲ ಇದೆ. ಮಗಳಿಗೆ ಏನು ಬೇಕು ಅನ್ನೋ ಒಂದು ಸಾಲೂ ಇಲ್ಲ. ಈ ಉತ್ತರವನ್ನು ಅವಳಿಗೂ ಓದಲು ಕೊಡಿ. ನೋಟ್‌ಬುಕ್‌ಗಳನ್ನು ಹರಡಿಕೊಂಡು ಕೂತ ಮೇಲೆ, ಯಾವ ವಿಷಯದಲ್ಲಿ ಯಾವ ವಾರದಿಂದ ಬದಲಾಗಿದೆ ಅಂತ ಅವಳ ಕೈಯಲ್ಲೇ ಬರೆಸಿ ನನಗೆ ಕಳಿಸಿ. ಅದನ್ನು ನೋಡಿ ಮುಂದಿನದು ಹೇಳುತ್ತೇನೆ.